ಆಣಿ ಇಲ್ಲದ ಮಳಿಗಾಲ

ಹೋದ ತಿಂಗಳ ಒಂದು ಮದಿವಿ ಸಲುವಾಗಿ ಚಿತ್ತಾಪುರಕ್ಕ ಹೋಗಿದ್ದೆ. ಬಸ್ ಇಳದು ಬಜಾರದ ದಾರಿ ಹಿಡದೆ, ಮಳಿ ಸಣ್ಣಗ ಜಿನಗಾಕತ್ತಿತ್ತು. ಬಂಡಿ ಮ್ಯಾಲ ಇಸ್ತ್ರಿ ಮಾಡಾಂವ ಒಬ್ಬಾಂವ ಹಸಿ ಅರಿವಿ ಮ್ಯಾಲ ಇದ್ದಲಿ ಇಸ್ತ್ರಿ ಒತ್ತಿದ, ಬುಸ್ ಅಂತ ಹಬಿ ಎದ್ದು ಮಾರಿಗಿ ಬಡೀತು. ಸುಟ್ಟ ಇದ್ದಲಿ, ತೋಯ್ದ ಖಾಕಿ ಅರಿವಿ, ಜರಾ ಗಂಜಿ ವಾಸನಿ. ಅಲ್ಲೇ ನಿಂತುಬಿಟ್ಟೆ. ಜೋಡಿ ಬಂದಿದ್ದ ಮಗಳು ಸುಮಿತ್ರಾ, “ಏನಾತವ್ವ, ಕಾಲು ನೋಯಾಕತ್ತಾವೇನು?” ಅಂದ್ಲು. ಕಾಲಿಗೇನ್ ಧಾಡಿ, ಗಟ್ಟಿ ಅವ. ನೆನಪಾಗಿದ್ದು ನಮ್ಮ ಅಂಗಡಿ, ಆ ಒಂದು ಮಳಿಗಾಲ.

ನಮ್ಮ ಮನಿಯವರು ಟೇಲರ್. ಹೆಸರು ಚಂದ್ರಶಾ. ಆಗ ಗಂಡನ ಹೆಸರು ಬಾಯಿಲೆ ತಗೋತಿದ್ದಿಲ್ಲ. ಈಗ ಅವರೂ ಇಲ್ಲ, ಆ ನಾಚಿಕೀನೂ ಇಲ್ಲ, ಅದಕ್ಕ ಹೇಳ್ತೀನಿ. ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರಿಟ್ಟು ಹತ್ತು ವರ್ಷದ ಹತ್ರ ಆಗಿರಬೇಕು. ಬಸ್ ಸ್ಟ್ಯಾಂಡಿನ ಹಿಂದ ಅಂಗಡಿ, ಅಂಗಡಿ ಹಿಂದ ಮನಿ. ಕೆಳಗ ಶಹಾಬಾದಿ ಫರಸಿ, ಮ್ಯಾಲೂ ಫರಸಿ. ಮಳಿ ಹತ್ತಿದ್ರ ಕೆಳಗಿನ ಕಲ್ಲು ಬೆವರತಿದ್ದವು, ಮ್ಯಾಲಿನವು ಸೋರತಿದ್ದವು. ಅವರು ಕತ್ತರಿ ಹಿಡೀತಿದ್ರು, ನಾ ಕಾಜಾ ಹಾಕತಿದ್ದೆ, ಗುಂಡಿ ಹಚ್ಚತಿದ್ದೆ. ಕೈ ಭಾಳ ಛಲೋ ಇತ್ತು ಅವರದು. ಅವರು ಹೊಲದ ಅಂಗಿ ಭುಜದ ಮ್ಯಾಲ ಹೆಂಗ ಕುಂಡ್ರಬೇಕೋ ಹಂಗ ಕುಂಡ್ರತಿತ್ತು.

ಆದ್ರ ಚಟ. ಕುಡಿಯೋದಲ್ಲ, ಸೇಂದಿ ಅಂಗಡಿ ಕಡಿ ಮಾರಿ ಹಾಕಿದಾಂವರಲ್ಲ. ಮಟಕಾ. ನಮ್ಮ ಕಡಿ ಓಸಿ ಅಂತಾರ. ಸಂಜಿಗೊಂದು ಅಂಕಿ ಓಪನ್, ರಾತ್ರಿಗೊಂದು ಅಂಕಿ ಕ್ಲೋಜ್, ಸೊನ್ನಿಯಿಂದ ಒಂಬತ್ತರ ತನಕ ಯಾವದರ. ಎಲ್ಲೋ ದೂರ ಮುಂಬೈದಾಗ ತಗೀತಾರಂತ, ಇಲ್ಲಿ ಚಿತ್ತಾಪುರದಾಗ ಮಂದಿ ಎದಿ ಹೊಡಕೋತಾರ. ಚಾದ ಹೋಟೆಲಿನ ಮಗ್ಗಲಕ ಮಲ್ಲೇಶಿ ಅನ್ನಾಂವ ಕುಂತು ರೊಕ್ಕ ತಗೊಂಡು ಅಂಕಿ ಚೀಟಿ ಬರೀತಿದ್ದ. ಅಂಕಿ ಎಲ್ಲಿಂದ ಹುಡಕತಿದ್ರು ಅಂದ್ರ, ಬಸ್ಸಿನ ನಂಬರಿನಿಂದ, ಕನಸಿನಾಗ ಬಂದ ಎಮ್ಮಿಯಿಂದ, ಹಲ್ಲಿ ಎಷ್ಟು ಸಲ ಲೊಚಗುಟ್ಟಿತು ಅಂಬೋದರಿಂದ. ಒಮ್ಮಿ ಓಣ್ಯಾಗ ಹೆಣ ಹೊಂಟಿತ್ತು. ಮಂದಿ ಕಣ್ಣೀರು ಹಾಕಾಕತ್ತಿದ್ರ ನಮ್ಮವರು ಹಲಗಿ ಪೆಟ್ಟು ಎಣಸಾಕತ್ತಿದ್ರು. ನನಗ ಹೊಟ್ಟಿ ಉರದುಹೋತು.

ಮತ್ತ ಆಣಿ. ಅಯ್ಯ, ಎಷ್ಟು ಆಣಿ! ನಾಗಾವಿ ಎಲ್ಲಮ್ಮನ ಆಣಿ, ಹಡದವ್ವನ ಆಣಿ, ಸುಮಿ ತಲಿ ಮ್ಯಾಲ ಕೈ ಇಟ್ಟು ಆಣಿ. ನಾಟಕ ಅಲ್ಲ, ಆಣಿ ಮಾಡುವಾಗ ಖರೇನ ಅಳ್ತಿದ್ರು. ನಾಕು ದಿನಕ್ಕ ಮುರೀತಿದ್ರು. ಮುರದ ಮ್ಯಾಲ ನನ್ನ ಮಾರಿ ನೋಡಾಕ ನಾಚಿಕಿ, ಕೂಸಿನ ಮುಟ್ಟಾಕ ಅಂಜಿಕಿ. ಆ ನಾಚಿಕಿ ತಡಕೊಳ್ಳಾಕ ಆಗದ, ಹೊಳ್ಳಿ ಮಲ್ಲೇಶಿ ಹಂತ್ಯಾಕ. ನಾ ಮತ್ತ ಜಗಳಾಡಿ ಮತ್ತೊಂದು ಆಣಿ ಮಾಡಿಸ್ತಿದ್ದೆ. ನನಗ ಗೊತ್ತಿದ್ದ ಔಷಧ ಅದೊಂದೇ.

ಆ ವರ್ಷ ಸಾಲಿ ಸುರು ಆಗೋ ಹೊತ್ತಿಗಿ ಅಂಗಡ್ಯಾಗ ಖಾಕಿ ಅರಿವಿ ಗುಡ್ಡ ಬಿದ್ದಿತ್ತು. ಹುಡುಗರು ಹಳೇ ಚಡ್ಡಿ ಮ್ಯಾಲೇ ಸಾಲಿಗಿ ಹೋದ್ರು, ಯಾಕಂದ್ರ ನಮ್ಮವರು ಹೊಲದು ಕೊಡಲಿಲ್ಲ. ಒಬ್ಬ ಹೆಣ್ಣಮಗಳು ದಂಡೋತಿಯಿಂದ ಬಂದು ಅಂಗಡಿ ಮುಂದ ನಿಂತು ಬಾಯಿಗಿ ಬಂದಂಗ ಬೈದ್ಲು. ಆಕಿ ಬೈದಿದ್ದು ತಪ್ಪಲ್ಲ. ಅವತ್ತ ನಾ ಹೇಳಿದೆ: “ರೀ, ಈ ಮಳಿಗಾಲ ಒಂದು ನೋಡ್ತೀನಿ. ಬಿಡಲಿಲ್ಲಂದ್ರ ಸುಮಿ ಕರಕೊಂಡು ತೆಂಗಳಿಗಿ ಹೋಗ್ತೀನಿ. ತವರಮನಿಗಿ ಹಬ್ಬಕ್ಕ ಹೋದಂಗಲ್ಲ, ಹೊಳ್ಳಿ ಬರಂಗಿಲ್ಲ.” ನಮ್ಮತ್ತಿ ಮೂಲ್ಯಾಗ ಕುಂತು, “ಹೋಗ್ಲಿ ಬಿಡು, ಈಕೀಗಿ ಬ್ಯಾರೆ ಏನ್ ಗೊತ್ತದ” ಅಂದ್ಲು. ಆದ್ರ ನಾ ಬರೇ ಅಂಜಿಸಾಕ ಅಂದಿದ್ದಿಲ್ಲ. ತೆಂಗಳಿಗಿ ನಮ್ಮಣ್ಣ ಗುರುನಾಥನಿಗಿ ಹೇಳಿ ಕಳಿಸಿದ್ದೆ, ಅಂವ ಯಾವಾಗ ಬೇಕಾದ್ರೂ ಬರ್ತೀನಿ ಅಂದಿದ್ದ.

ನಮ್ಮವರಿಗಿ ಹೊಟ್ಟಿ ಉರಿ, ನಿದ್ದಿ ಇಲ್ಲ. ಸರಕಾರಿ ದವಾಖಾನಿಗಿ ನಾನೇ ಎಳಕೊಂಡು ಹೋದೆ. ಅಲ್ಲಿ ಹೊಸದಾಗಿ ಒಬ್ಬ ಡಾಕ್ಟರ್ ಬಂದಿದ್ರು, ಪ್ರಭಾಕರ ಅಂತ, ಶಿವಮೊಗ್ಗಿ ಕಡಿಯವರು. ಬೆಂಗಳೂರಾಗ ಕೆಲವು ತಿಂಗಳ ಮನಸ್ಸಿನ ಬ್ಯಾನಿ ಬಗ್ಗೆ ಕಲ್ತು ಬಂದಿದ್ರಂತ. ನಮ್ಮ ಖಾರ ತಿಂದು ಅವರಿಗೇ ಹೊಟ್ಟಿ ಉರಿ ಇತ್ತು, ಪಾಪ. “ನಿದ್ದೆ ಯಾಕೆ ಬರ್ತಾ ಇಲ್ಲ?” ಅಂತ ಕೇಳಿದ್ರು. ನಮ್ಮವರು ಬಾಯಿ ಬಿಡಲಿಲ್ಲ. ನಾ ಬಿಟ್ಟೆ, ಹಿಂದ ಸಾಲು ಹಚ್ಚಿ ನಿಂತ ಮಂದಿ ಕೇಳಿದ್ರ ಕೇಳ್ಲಿ ಅಂತ ಎಲ್ಲಾ ಹೇಳಿದೆ. ಕಡೀಕ, “ಸಾಹೇಬ್ರ, ನಿಮ್ಮ ಮುಂದ ಒಂದು ಆಣಿ ಮಾಡಸ್ರಿ. ಡಾಕ್ಟರ ಮುಂದಿನ ಆಣಿಗಿ ಅಂಜತಾರ” ಅಂದೆ.

ಡಾಕ್ಟರ್ ನಗಲಿಲ್ಲ. “ಇನ್ನು ಮುಂದೆ ಇವರ ಹತ್ರ ಆಣೆ ಮಾಡಿಸಬೇಡಿ ಅಮ್ಮ. ಅದೇ ನನ್ನ ಮೊದಲನೇ ಔಷಧ” ಅಂದ್ರು.

ಎಂಥಾ ಡಾಕ್ಟರಪ್ಪ ಇಂವ ಅನಿಸಿ ಸಿಟ್ಟು ಬಂತು. “ಆಣಿ ಬ್ಯಾಡಂದ್ರ ಇವರನ್ನ ಹಿಡಿಯೋದು ಹ್ಯಾಂಗ್ರಿ?”

“ಹಿಡೀಬೇಡಿ, ಕೇಳಿ. ಮನಸ್ಸು ಎಳೆದಾಗ ಎಲ್ಲಿದ್ರು, ಏನು ಕಂಡ್ರು, ಮನಸ್ಸು ಏನಂತು, ಅದನ್ನ ಬಾಯಿಬಿಟ್ಟು ನಿಮಗೆ ಹೇಳಲಿ. ನೀವು ಬೈಬೇಡಿ. ಅದು ನಿಜಾನಾ ಅಂತ ಇಬ್ಬರೂ ಸೇರಿ ನೋಡಿ.”

ಬೈಬ್ಯಾಡ ಅಂದಿದ್ದೇ ನನಗ ಭಾಳ ತ್ರಾಸ ಆತು. ನಮ್ಮವರಿಗಿ ಇನ್ನೊಂದು ಕೆಲಸ ಹೇಳಿದ್ರು. ದಿನಾ ಮುಂಜಾನಿ ಮನಸ್ಸಿಗಿ ಬಂದ ಅಂಕಿ ನನ್ನ ಮುಂದ ಹೇಳಬೇಕು, ಅದು ಯಾವ ಶಕುನದಿಂದ ಬಂತು ಅಂತಾನೂ ಹೇಳಬೇಕು, ಆದ್ರ ಅದರ ಮ್ಯಾಲ ರೊಕ್ಕ ಹಚ್ಚಬಾರದು. ಮರುದಿನ ಬಂದಿದ್ದೇನು ಅಂತ ತಿಳಕೊಂಡು ಎರಡೂ ಹೊಂದತಾವೇನು ನೋಡಬೇಕು. ಇನ್ನೊಂದು, ಮಲ್ಲೇಶಿ ಚೀಟಿ ಬರಿಯೋ ಹೊತ್ತಿಗಿ ಅಂಗಡ್ಯಾಗ ಒಬ್ಬರೇ ಕುಂಡ್ರದ, ಸುಮಿಯನ್ನ ಸಾಲಿಯಿಂದ ಕರಕೊಂಡು ಬರಬೇಕು, ಅದೂ ಹೋಟೆಲ್ ದಾರಿ ಬಿಟ್ಟು. ಗುಳಿಗಿ ಕೊಟ್ಟಿದ್ದು ಹೊಟ್ಟಿ ಉರಿಗಿ ಮಾತ್ರ. ಸುಮಿ ಈಗ ಕಲಬುರಗಿಯಾಗ ನರ್ಸ್ ಅದಾಳ. “ಯವ್ವಾ, ಅದಕ್ಕ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂತಾರ” ಅಂತ ಹೇಳ್ತಾಳ. ಅಷ್ಟು ಉದ್ದ ಹೆಸರು ಅವತ್ತೇ ಹೇಳಿದ್ರ ನಮ್ಮವರು ದವಾಖಾನಿಯಿಂದ ಓಡಿ ಹೋಗ್ತಿದ್ರು.

ಮೊದಮೊದಲು ಅವರು ಅಂಕಿ ಅಷ್ಟೇ ಹೇಳಿ ಎದ್ದು ಹೋಗ್ತಿದ್ರು. ಆಮ್ಯಾಲ ಒಂದಿನ ಕಾಜಾ ಹಾಕಾಕತ್ತಿದ್ದೆ, ಎದುರಿಗಿ ಬಂದು ಕುಂತ್ರು. “ಮಹಾದೇವಿ, ಈಗ ಎಳ್ಯಾಕತ್ತದ” ಅಂದ್ರು.

“ಏನಂತದ?” ಅಂದೆ. ನಾಲಿಗಿ ತುದ್ಯಾಗ ಬೈಗಳ ಇತ್ತು, ನುಂಗಿದೆ.

“ನಿನ್ನಿ ಆರು ಬಂದದ, ನಾ ಏಳು ಅಂದಿದ್ದೆ. ಒಂದೇ ಅಂಕಿ ತಪ್ಪದ. ನಸೀಬ ಹತ್ರ ಬರಾಕತ್ತದ ಅಂತದ.”

“ಒಂದು ತೋಳು ಉದ್ದ ಹೊಲದು ಹತ್ರ ಬಂದೀನಿ ಅಂದ್ರ ಗಿರಾಕಿ ಒಪ್ಪತಾನೇನ್ರಿ?”

ಅವರಿಗಿ ನಗಿ ಬಂತು. ಎಷ್ಟು ದಿನದ ಮ್ಯಾಲ ಆ ನಗಿ ನೋಡಿದ್ದೆ. ಕುಂತಲ್ಲೇ ಒಂದು ಕಾಲರ್ ಮುಗಸಿದ್ರು. ಆಮ್ಯಾಲ, “ಈಗ ಇಳೀತು ನೋಡು” ಅಂದ್ರು. ಡಾಕ್ಟರ್ ಹಂಗೇ ಹೇಳಿದ್ರು. ಒಮ್ಮಿ ದಂಡೋತಿ ಹತ್ರ ಕಾಗಿಣಾ ಹೊಳಿ ಉಕ್ಕಿ ಸೇತುವಿ ಮ್ಯಾಲ ಬಂದಾಗ ಅವರು ಈ ದಂಡ್ಯಾಗ ಬಸ್ಸಿನಾಗೇ ಕುಂತಿದ್ರಂತ. “ಹೊಳೆ ಏರುತ್ತೆ, ಇಳಿಯುತ್ತೆ. ಏರಿದಾಗ ದಾಟಕ್ಕೆ ಹೋಗಬಾರದು, ದಡದಲ್ಲಿ ಕೂತಿರಬೇಕು. ಮನಸ್ಸೂ ಅಷ್ಟೇ ಚಂದ್ರಶಾ” ಅಂದಿದ್ರು. ನಮ್ಮವರು ಆ ಮಾತು ಗಟ್ಟಿ ಹಿಡಕೊಂಡಿದ್ರು.

ಆಷಾಢ ಹಂಗೇ ಸಾಗಿತು. ದಿನಾ ಮುಂಜಾನಿ ಅಂಕಿ ಹೇಳೋದು, ಮರುದಿನ ಅದು ಸುಳ್ಳಾಗೋದು. ಖಾಕಿ ಗುಡ್ಡ ಕರಗಾಕತ್ತಿತು. ನಾನೂ ತೆಂಗಳಿ ಮಾತು ತಗೀಲಿಲ್ಲ. ಆದ್ರ ಊರಾಗ ಇನ್ನೊಂದು ತಮಾಷಿ ಸುರು ಆಗಿತ್ತು. ಡಾಕ್ಟರ್ ನಮ್ಮವರ ಜೋಡಿ ಓಸಿ ಬಗ್ಗೆ ಮಾತಾಡ್ತಾರ ಅಂತ ಸುದ್ದಿ ಹಬ್ಬಿ, ದವಾಖಾನಿ ಕಿಟಕಿ ಹೊರಗ ಮಂದಿ ಕಿವಿ ಹಚ್ಚಿ ನಿಂದ್ರತಿದ್ರು. ಸಾಹೇಬ್ರು ಯಾರಿಗೋ “ದಿನಕ್ಕೆ ಮೂರು ಗುಳಿಗೆ” ಅಂದ್ರ ಸಾಕು, ಅರ್ಧ ಬಜಾರ ಮೂರು ಹಚ್ಚತಿತ್ತು.

ಶ್ರಾವಣದಾಗ ಒಂದಿನ ಮುಂಜಾನಿ ನಮ್ಮವರು ಹಲ್ಲುಜ್ಜಕೋತ, “ಇವತ್ತ ನಾಕು ಓಪನ್, ಏಳು ಕ್ಲೋಜ್” ಅಂದ್ರು. ಸುಮಿ ಪಾಟಿ ಬಿದ್ದು ನಾಕು ಚೂರಾಗಿತ್ತು, ಮಗ್ಗಲ ಮನಿ ಕೋಳಿ ಏಳು ಮರಿ ಕಟಗೊಂಡು ಅಂಗಳದಾಗ ಬಂದಿತ್ತು, ಅದಕ್ಕ. ನಮ್ಮತ್ತಿ ಕಿವಿಗೂ ಬಿತ್ತು, ನನ್ನ ಕಿವಿಗೂ ಬಿತ್ತು. ಹಚ್ಚಲಿಲ್ಲ. ಮರುದಿನ ಮುಂಜಾನಿ ಹಾಲಿನವ ಬಂದು ಹೇಳಿದ: ನಾಕು ಓಪನ್, ಏಳು ಕ್ಲೋಜ್.

ಸುಳ್ಳ್ಯಾಕ ಹೇಳ್ಲಿ, ಹಚ್ಚಿದ್ರ ಏನಾಗ್ತಿತ್ತು ಅಂತ ನನ್ನ ಮನಸ್ಸೂ ಒಂದು ಗಳಿಗಿ ಓಡಿತು. ನಮ್ಮವರು ಹಾಲಿನವನಿಗಿ ಇನ್ನೊಮ್ಮಿ ಹೇಳು ಅಂದು ಕಲ್ಲಿನ ಮ್ಯಾಲ ಕುಂತ್ರು. ನಮ್ಮತ್ತಿ ಎದಿ ಎದಿ ಬಡಕೊಂಡ್ಲು. ಅಷ್ಟು ವರ್ಷ ಓಸಿಗಿ ಶಾಪ ಹಾಕಿದಾಕಿ, “ಮನಿ ತನಕ ಬಂದ ಲಕ್ಷ್ಮಿನ್ನ ಆ ಡಾಕ್ಟರ್ ಒದ್ದು ಕಳಸ್ಯಾನಲ್ಲೋ! ಇವತ್ತರ ಹಚ್ಚೋ ಮಗನ, ದೇವ್ರು ನಿನ್ನ ಬಾಯಾಗ ಕುಂತು ಹೇಳಾಕತ್ತಾನ!” ಅಂತ ಸುರು ಮಾಡಿದ್ಲು. ಅತ್ತಿಗಿ ಏನೂ ಅನಬಾರದು ಅಂತ ಕಲ್ತು ಬಂದಾಕಿ ನಾ, ಅವತ್ತ ಬಾಯಿ ಮುಚ್ಚು ಅಂದೆ.

ಸುದ್ದಿ ಹಬ್ಬಾಕ ಎಷ್ಟೊತ್ತು ಬೇಕು? ಅತ್ತಿನೇ ಹಬ್ಬಿಸಿದ್ಲು. ಮಧ್ಯಾಹ್ನ ಅನ್ನೋದರಾಗ ಅಂಗಡಿ ಮುಂದ ಮಂದಿ. ಚಂದ್ರಶಾನ ಬಾಯಿಲೆ ಬಿದ್ದ ಅಂಕಿ ಬರ್ತದಂತ! ನಮ್ಮವರು ಅಂಕಿ ಹೇಳಂಗಿಲ್ಲ ಅಂದ್ರ, ಹಮಾಲಿ ಮಾಡೋ ರುಕುಂಸಾಬ್ ಮುಂದ ಬಂದು ಎದಿ ಉಬ್ಬಿಸಿ ನಿಂತ: “ಅಂಗಿ ಅಳತಿ ತಗೋರಿ ಮಾಸ್ತರ.”

“ಅರಿವಿ ಎಲ್ಲದ?”

“ಅರಿವಿ ಆಮ್ಯಾಲ ತರ್ತೀನ್ರಿ. ಬರೇ ಅಳತಿ ತಗೋರಿ, ಜೋರಾಗಿ ಹೇಳ್ರಿ.”

ಅವನ ಹಿಂದ ಇನ್ನೂ ಒಂಬತ್ತು-ಹತ್ತು ಮಂದಿ ಕೈ ಎತ್ತಿ ನಿಂತಿದ್ರು, ಯಾರ ಕೈಯಾಗೂ ಒಂದು ಗೇಣು ಅರಿವಿ ಇಲ್ಲ! ಎದಿ ಎಷ್ಟು, ಕೊರಳು ಎಷ್ಟು ಅಂತ ಟೇಲರ್ ಅಂದದ್ದನ್ನೇ ಹಿಡಕೊಂಡು ಮಲ್ಲೇಶಿ ಹಂತ್ಯಾಕ ಓಡೋರು. ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ನಗಲಿಲ್ಲ, ಯಾಕಂದ್ರ ನಮ್ಮವರ ಕಣ್ಣು ನೋಡಿದೆ. ಆ ಕಣ್ಣಿನಾಗ ಹಳೇ ಹೊಳಪು ಬಂದಿತ್ತು. ಊರೇ ನಂಬಿದ್ರ ಅವರು ನಂಬದ ಇರತಾರೇನು? ಡಾಕ್ಟರನ್ನ ಕೇಳೋಣಂದ್ರ ಸಾಹೇಬ್ರು ಕ್ಯಾಂಪ್ ಅಂತ ಕಾಳಗಿಗಿ ಹೋಗಿದ್ರು, ಹೊಳಿ ಬಂದು ದಾರಿ ಕಟ್ಟಿತ್ತು. ಆತು, ನನ್ನ ಸಂಸಾರ ಇಲ್ಲಿಗಿ ಮುಗೀತು ಅನಿಸ್ತು. ಒಳಗ ಹೋಗಿ ಸುಮಿ ಅಂಗಿ ಮಡಚಾಕ ಸುರು ಮಾಡಿದೆ.

ಅಂಗಡ್ಯಾಗಿಂದ ಅವರ ಧನಿ ಕೇಳಿಸ್ತು. “ಎಲ್ಲಾರೂ ಒಳಗ ಬರ್ರಿ, ಕುಂದ್ರಿ. ನಾ ಒಂದು ಕೇಳ್ತೀನಿ, ಹೇಳ್ರಿ. ಇವತ್ತಿನ ಓಪನ್ ಏನ್ ಬರ್ತದ? ಒಬ್ಬೊಬ್ಬರೇ ಹೇಳ್ರಿ, ಯಾಕ ಅಂತಾನೂ ಹೇಳ್ರಿ.”

ನಾ ಬಾಗಲದಾಗ ಬಂದು ನಿಂತೆ. ಮಂದಿಗಿ ಹುರುಪ ಬಂತು. ಒಬ್ಬಾಂವಗ ಕನಸಿನಾಗ ಎರಡು ಹಾವು ಕಂಡಿದ್ದವು, ಎರಡು. ಒಬ್ಬಾಂವನ ಸೊಸಿ ಒಂಬತ್ತು ತಿಂಗಳು ತುಂಬಿದಾಕಿ, ಒಂಬತ್ತು. ಎಣ್ಣಿ ಮಾರೋ ಶಿವಲಿಂಗಪ್ಪ ನಾಯಿ ಐದು ಸಲ ಬೊಗಳ್ಯಾದ ಅಂತ ಐದು ಅಂದ. ಎಲ್ಲಾರೂ ಕಣ್ಣು ಅರಳಿಸಿ, ಇದೇ ಬರ್ತದ ಅಂತ ತೊಡಿ ತಟ್ಟಿ ಹೇಳೋರು. ನಮ್ಮವರು ಬೆರಳ ಮ್ಯಾಲ ಎಣಸಕೋತ ಕುಂತಿದ್ರು. “ಸೊನ್ನಿಯಿಂದ ಒಂಬತ್ತರ ತನಕ ಎಲ್ಲಾ ಬಂದ್ವು. ಎಂಟು ಅಷ್ಟೇ ಯಾರೂ ಹೇಳಿಲ್ಲ” ಅಂದ್ರು.

ರುಕುಂಸಾಬ್ ಜಿಗದು ಎದ್ದ. “ಯಾರೂ ಹೇಳಿಲ್ಲಂದ್ರ ಅದೇ ಬರ್ತದ! ನಂದು ಎಂಟು!”

ನಮ್ಮವರು ಅವನ ಮಾರಿನೇ ನೋಡಿದ್ರು. ಆಮ್ಯಾಲ ಎದ್ದು ಟೇಪ್ ಕೊರಳಾಗ ಹಾಕ್ಕೊಂಡು, “ಹೋಗ್ರಿನ್ನ, ಸುಮಿ ಸಾಲಿ ಬಿಡೋ ಹೊತ್ತಾತು” ಅಂದು ಛತ್ರಿ ತಗೊಂಡು ಹೊಂಟ್ರು.

ಅವತ್ತ ಬಂದಿದ್ದು ಐದು. ಮರುದಿನ ಮಂದಿ ಎಲ್ಲಾ ಶಿವಲಿಂಗಪ್ಪನ ಎಣ್ಣಿ ಅಂಗಡಿ ಮುಂದ. ನಮ್ಮ ಅಂಗಡ್ಯಾಗ ಒಂದು ನೊಣ ಇಲ್ಲ. ನಮ್ಮವರು ಹೊಲಕೋತ ಕುಂತಾಂವರು ಮಷಿನ್ ನಿಂದ್ರಿಸಿ ಅಂದ್ರು: “ಮಹಾದೇವಿ, ಹತ್ತು ಮಂದಿ ಹತ್ತು ಅಂಕಿ ಹೇಳಿದ್ರ ಒಬ್ಬಾಂವಂದು ಬಂದೇ ಬರ್ತದ. ಮೊನ್ನಿ ನನ್ನ ಪಾಳಿ ಇತ್ತು, ನಿನ್ನಿ ಅವನ ಪಾಳಿ. ದೇವರೂ ಹೇಳಿಲ್ಲ, ಕೋಳೀನೂ ಹೇಳಿಲ್ಲ.” ಕಾಳಗಿಯಿಂದ ಬಂದ ಮ್ಯಾಲ ಡಾಕ್ಟರ್ ಇದನ್ನ ಕೇಳಿ, “ನಾನು ಇದ್ದಿದ್ರೂ ಇಷ್ಟು ಚೆನ್ನಾಗಿ ಹೇಳಿಕೊಡ್ತಾ ಇರಲಿಲ್ಲ” ಅಂದ್ರು. ನಮ್ಮವರು ಹಿಗ್ಗಿದ್ರು.

ಇಲ್ಲಿಗಿ ಮುಗೀತು ಅಂದ್ರ ಛಂದಿತ್ತು. ಮುಗೀಲಿಲ್ಲ. ಗಣಪತಿ ಹಬ್ಬ ದಾಟಿದ ಮ್ಯಾಲ ಒಂದು ಸಂಜಿ ಅವರು ಬಂದು ನನ್ನ ಮುಂದ ನಿಂತು, “ಇವತ್ತ ಹಚ್ಚಿ ಬಂದೀನಿ” ಅಂದ್ರು. ಕೂಗಬೇಕು ಅನಿಸ್ತು. ಆದ್ರ ಒಂದು ಮಾತು ತಲ್ಯಾಗ ಬಂತು. ಇಷ್ಟು ವರ್ಷದಾಗ ಹಚ್ಚಿದ್ದು ನನಗ ಮಂದಿ ಬಂದು ಹೇಳ್ತಿದ್ರು, ಇವತ್ತ ಮೊದಲನೇ ಸಲ ಅವರೇ ಹೇಳಾಕತ್ತಾರ.

“ಮನಸ್ಸ ಏನಂದಿತ್ತು?” ಅಂದೆ.

“ಇಷ್ಟು ದಿನ ಬಿಟ್ಟೀಯಲ್ಲ, ನಿನ್ನ ಕೈಯಾಗದ, ಒಂದು ಸಲಕ್ಕ ಏನಾಗ್ತದ ಅಂತು.” ಅಂದು ಅತ್ರು. ಮರುದಿನ ಇಬ್ಬರೂ ದವಾಖಾನಿಗಿ ಹೋದ್ವಿ. ಡಾಕ್ಟರ್ ಬೈಲಿಲ್ಲ. “ಎಡವಿದ್ರಿ, ಎದ್ದು ಹೇಳಿದ್ರಿ. ಆ ಒಂದು ಸಲ ಅನ್ನೋ ಮಾತನ್ನ ಗುರುತು ಇಟ್ಕೊಳ್ಳಿ, ಅದು ಮತ್ತೆ ಬರುತ್ತೆ” ಅಂದ್ರು.

ಆದ್ರ ಅವರು ಹಚ್ಚಿದ ಸುದ್ದಿ ತೆಂಗಳಿಗಿ ಮುಟ್ಟಿತ್ತು. ನಾಕು ದಿನಕ್ಕ ನಮ್ಮಣ್ಣ ಗುರುನಾಥ ಮುಂಜಾನಿ ಬಸ್ಸಿಗೇ ಬಂದಿಳದ. ಅಂಗಳದಾಗ ನಿಂತೇ, “ಗಂಟು ಕಟ್ಟು ಮಹಾದೇವಿ. ಮಳಿಗಾಲ ಮುಗೀತು, ನೀ ಕೊಟ್ಟ ಗಡುವೂ ಮುಗೀತು” ಅಂದ. ನಾ ಬ್ಯಾಡ ಅನ್ನಲಿಲ್ಲ. ನನಗೂ ಖಾತ್ರಿ ಇದ್ದಿಲ್ಲ, ಇನ್ನೊಂದು ಮಳಿಗಾಲ ಹಿಂಗ ಬಾಳೋ ಶಕ್ತಿ ನನ್ನಾಗ ಉಳದಿದ್ದಿಲ್ಲ. ಗಂಟು ಕಟ್ಟಿದೆ. ಅಣ್ಣ ಅದನ್ನ ಹೆಗಲಿಗಿ ಹಾಕ್ಕೊಂಡ. ನಮ್ಮತ್ತಿ ಸೆರಗು ಬಾಯಿಗಿ ಹಿಡಕೊಂಡು ನಿಂತಿದ್ಲು.

ಅಣ್ಣ ಕಟುಕ ಅಲ್ಲ. ಬಾಗಲದಾಗ ನಿಂತು ನಮ್ಮವರಿಗಿ ಅಂದ: “ಚಂದ್ರಶಾ, ಕಡೀ ಮಾತು. ಕೂಸಿನ ತಲಿ ಮ್ಯಾಲ ಕೈ ಇಟ್ಟು, ಇನ್ನ ಸಾಯೋ ತನಕ ಆಡಂಗಿಲ್ಲ ಅಂತ ಆಣಿ ಮಾಡು. ಇದೇ ಗಂಟು ಇಲ್ಲೇ ಇಳಿಸಿ ಹೋಗ್ತೀನಿ.” ಸುಮಿಯನ್ನ ಅವರ ಮುಂದ ನಿಂದ್ರಿಸಿದ.

ಅವರ ಕೈ ಎದ್ದಿತ್ತು. ಖರೇ ಹೇಳ್ತೀನಿ, ಎದ್ದಿತ್ತು, ಸುಮಿ ತಲಿ ತನಕ ಬಂದಿತ್ತು. ಅವರಿಗಿ ನಾ ಬೇಕಿತ್ತು, ಕೂಸು ಬೇಕಿತ್ತು, ಒಂದು ಮಾತಿಗಿ ಎಲ್ಲಾ ಉಳೀತಿತ್ತು. ಆ ಕೈ ಹಿಂದಕ್ಕ ತಗೊಂಡ್ರು.

“ಮಾಡಂಗಿಲ್ಲ ಗುರುನಾಥ” ಅಂದ್ರು. “ಇವತ್ತ ಮುಂಜಾನಿ ನೀ ಬಸ್ ಇಳದು ಬರೋದು ನೋಡಿದೆ. ಬಸ್ಸಿನ ಕಡೀ ಅಂಕಿ ಮೂರಿತ್ತು. ಮೂರು ಹಚ್ಚು, ನಸೀಬ ತಿರಗತದ, ಮಹಾದೇವಿ ಉಳೀತಾಳ ಅಂತ ಮನಸ್ಸಂತು. ನಾ ಹೋಗಲಿಲ್ಲ. ನಾಳಿ ಮತ್ತೇನರ ಅಂತದ. ನಾಳಿ ಹೋಗಂಗಿಲ್ಲ ಅಂತ ನನಗ ಇವತ್ತ ಗೊತ್ತಿಲ್ಲ. ಹೋದ್ರೂ, ಬಿಟ್ರೂ, ಈಕಿ ಮುಂದ ಹೇಳ್ತೀನಿ. ಅಷ್ಟೇ ನನ್ನ ಕಡಿ ಇರೋದು.”

“ನೋಡಿದೇನ?” ಅಂತ ಅಣ್ಣ ನನ್ನ ಕಡಿ ತಿರುಗಿದ. “ಒಂದು ಆಣಿ ಮಾಡಾಕ ತಯಾರಿಲ್ಲ ಇಂವ! ಇಂಥಾವನ ನಂಬಿ ಇರ್ತೀಯೇನು? ನಡಿ, ಬಸ್ ಹೋಗ್ತದ.”

ನಾ ಹೋಗಿ ಅಣ್ಣನ ಹೆಗಲ ಮ್ಯಾಲಿನ ಗಂಟು ಇಳಿಸಿದೆ. “ರೊಟ್ಟಿ ಮಾಡ್ತೀನಿ, ಉಂಡು ಮಧ್ಯಾಹ್ನದ ಬಸ್ಸಿಗಿ ನೀ ಒಬ್ಬಾಂವ ಹೋಗಣ್ಣ” ಅಂದೆ. ಅಂವ ಸಿಟ್ಟಿಲೇ ಉಂಡ, ಸಿಟ್ಟಿಲೇ ಹೋದ. ನನಗ ತಲಿ ಕೆಟ್ಟದ ಅಂತ ತೆಂಗಳಿ ತುಂಬ ಹೇಳಿದ. ಆಣಿ ನಾಕು ದಿನಕ್ಕ ಮುರೀತದ, ಬಾಯಿಬಿಟ್ಟು ಹೇಳಿದ ಖರೇ ಮಾತು ಉಳೀತದ ಅಂತ ಅವನಿಗಿ ನಾ ಹ್ಯಾಂಗ ತಿಳಿಸಿ ಹೇಳ್ಲಿ? ಅವತ್ತ ಅವರು ಆಣಿ ಮಾಡಿದ್ದರಂದ್ರ ನಾ ಆ ಬಸ್ ಹತ್ತೇ ಬಿಡ್ತಿದ್ದೆ.